ಬಾಡುವ ರಾಗಿ ಎಲೆಯಲ್ಲಿ ಪ್ರೋಲೀನ್ ಅಳೆಯುವ ಕ್ರಮ, ಅಳೆದ ಅಂಕಿಯನ್ನು ಓದುವ ಬಗೆ

ಬೆಳೆಗೆ ನೀರಿನ ಕೊರತೆಯಾದಾಗ ಎಲೆಯೊಳಗಿನ ಬಿಡಿ ಅಮೈನೊ ಆಮ್ಲಗಳ ಪ್ರಮಾಣ ಏರುಪೇರಾಗುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಏರುವುದು, ಅಳೆಯಲು ಎಲ್ಲಕ್ಕಿಂತ ಸುಲಭವಾದುದು ಪ್ರೋಲೀನ್. ಕರ್ನಾಟಕದ ಕೃಷಿ ಕಾಲೇಜುಗಳಲ್ಲಿ ಬೆಳೆ ಶರೀರಕ್ರಿಯಾ ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಒಂದಲ್ಲ ಒಂದು ಹಂತದಲ್ಲಿ ಈ ಅಳತೆಯನ್ನು ಮಾಡುತ್ತಾರೆ. ಅಳತೆಯ ವಿಧಾನ ಹಳೆಯದು, ವೆಚ್ಚ ಕಡಿಮೆ, ಬೇಕಾದ ಉಪಕರಣಗಳು ಸಾಧಾರಣ ಪ್ರಯೋಗಾಲಯದಲ್ಲೂ ಸಿಗುತ್ತವೆ. ಆದರೆ ಎಲೆಯ ನೀರಿನ ಸ್ಥಿತಿಯನ್ನು ಅದೇ ಹೊತ್ತಿನಲ್ಲಿ ಅಳೆಯದೆ ಪಡೆದ ಪ್ರೋಲೀನ್ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು. ಪ್ರೋಲೀನ್ ಹೆಚ್ಚಿರುವ ತಳಿಯೇ ಬರವನ್ನು ತಾಳುವ ತಳಿ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವ ರೂಢಿ ಪ್ರಬಂಧಗಳಲ್ಲಿ ಇಂದಿಗೂ ಇದೆ. ಆ ರೂಢಿ ಹೋಗಬೇಕೆಂಬ ಉದ್ದೇಶದಿಂದಲೇ ಇಲ್ಲಿ ರಾಸಾಯನಿಕ ಕ್ರಿಯೆಗೆ ಕೊಟ್ಟಷ್ಟೇ ಜಾಗವನ್ನು ಕುಂಡ, ಎಲೆ ಮತ್ತು ಲೆಕ್ಕಕ್ಕೂ ಕೊಟ್ಟಿದ್ದೇನೆ. ಉದಾಹರಣೆಗೆ ರಾಗಿಯನ್ನು ಆರಿಸಿಕೊಂಡಿದ್ದೇನೆ. ಕೋಲಾರ, ತುಮಕೂರು, ರಾಮನಗರ, ಹಾಸನದ ಕಡೆ ಮಳೆಯಾಶ್ರಿತವಾಗಿ ಬೆಳೆಯುವ ಈ ಬೆಳೆ ತೆಂಡೆ ಒಡೆಯುವ ಕಾಲದಲ್ಲೋ ತೆನೆ ಬರುವ ಕಾಲದಲ್ಲೋ ಮಳೆ ಕೈಕೊಟ್ಟು ಒಣಗುವುದನ್ನು ನಾವು ಆಗಾಗ ನೋಡುತ್ತೇವೆ.

ಅಳೆಯುವ ಮೊದಲು ತಿಳಿದಿರಬೇಕಾದುದು

ಪ್ರೋಲೀನ್ ತಯಾರಾಗುವುದು ಮುಖ್ಯವಾಗಿ ಗ್ಲುಟಮೇಟ್ ಎಂಬ ಇನ್ನೊಂದು ಅಮೈನೊ ಆಮ್ಲದಿಂದ. ಪಿ5ಸಿಎಸ್ ಎಂಬ ಕಿಣ್ವವು ಒಂದು ಎಟಿಪಿ (ಕೋಶದ ಶಕ್ತಿವಾಹಕ ಅಣು) ಮತ್ತು ಒಂದು ಎನ್‌ಎಡಿಪಿಎಚ್ (ಎಲೆಕ್ಟ್ರಾನುಗಳನ್ನು ಒದಗಿಸುವ ಅಣು) ಬಳಸಿಕೊಂಡು ಗ್ಲುಟಮೇಟನ್ನು ಮಧ್ಯಂತರ ವಸ್ತುವಾಗಿ ಬದಲಿಸುತ್ತದೆ. ಪಿ5ಸಿಆರ್ ಎಂಬ ಎರಡನೆಯ ಕಿಣ್ವವು ಇನ್ನೊಂದು ಎನ್‌ಎಡಿಪಿಎಚ್ ಬಳಸಿ ಅದನ್ನು ಪ್ರೋಲೀನ್ ಮಾಡುತ್ತದೆ. ಮೊದಲ ಕಿಣ್ವವೇ ಇಡೀ ದಾರಿಯ ವೇಗವನ್ನು ನಿರ್ಧರಿಸುತ್ತದೆ. ಪ್ರೋಲೀನ್ ಸಾಕಷ್ಟು ಸಂಗ್ರಹವಾದೊಡನೆ ಅದೇ ಪ್ರೋಲೀನ್ ಈ ಕಿಣ್ವವನ್ನು ತಡೆಯುತ್ತದೆ, ಒತ್ತಡದ ಸಮಯದಲ್ಲಿ ಆ ತಡೆ ಸಡಿಲವಾಗುತ್ತದೆ. ಈ ಕಿಣ್ವದ ಜೀನನ್ನು ಸಸ್ಯಗಳಲ್ಲಿ ಮೊದಲಿಗೆ 1992ರಲ್ಲಿ ಪ್ರತ್ಯೇಕಿಸಿದ್ದು ನಮ್ಮ ಒಣಭೂಮಿಯ ಬೆಳೆಯೇ ಆದ ಮಡಿಕೆ ಕಾಳಿನಿಂದ ಎಂಬುದನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಕವಿ ಕಿಶೋರ್ ಮತ್ತು ಸಂಗಡಿಗರು ಆ ಜೀನನ್ನು ತಂಬಾಕು ಗಿಡಕ್ಕೆ ಸೇರಿಸಿದಾಗ ಅದರಲ್ಲಿ ಪ್ರೋಲೀನ್ 10ರಿಂದ 18 ಪಟ್ಟು ಹೆಚ್ಚಾಯಿತು.

ಪ್ರೋಲೀನ್ ಕರಗುವ, ಅಂದರೆ ಒಡೆದು ಬೇರೆ ವಸ್ತುವಾಗುವ ದಾರಿ ಬೇರೆಯೇ. ಅದು ಮೈಟೊಕಾಂಡ್ರಿಯದೊಳಗೆ ಪ್ರೋಲೀನ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದಿಂದ ಆರಂಭವಾಗಿ ಮತ್ತೆ ಗ್ಲುಟಮೇಟ್‌ಗೆ ಮರಳುತ್ತದೆ. ಎಲೆ ಬಾಡುತ್ತಿರುವಾಗ ಈ ಕಿಣ್ವದ ಜೀನ್ ಅಡಗಿರುತ್ತದೆ, ನೀರು ಸಿಕ್ಕ ಕೆಲವೇ ಗಂಟೆಗಳಲ್ಲಿ ಚುರುಕಾಗುತ್ತದೆ. ಹಾಗಾಗಿ ನೀವು ಅಳೆಯುವ ಅಂಕಿ ಕೇವಲ ತಯಾರಿಕೆಯ ಅಳತೆಯಲ್ಲ. ತಯಾರಿಕೆ, ಕರಗುವಿಕೆ, ಪ್ರೋಟೀನಿನಲ್ಲಿ ಬಳಕೆ, ಬೇರೆ ಅಂಗಗಳಿಗೆ ಸಾಗಣೆ ಇಷ್ಟರ ನಡುವೆ ಆ ಗಳಿಗೆಯಲ್ಲಿ ಉಳಿದಿರುವ ಶಿಲ್ಕು. ನೀರು ನಿಲ್ಲಿಸಿದ ಮೇಲೆ ಮಾತ್ರವಲ್ಲದೆ ಮತ್ತೆ ನೀರು ಕೊಟ್ಟ ಮೇಲೂ ಅಳೆಯಬೇಕೆಂದು ಮುಂದೆ ಒತ್ತಿ ಹೇಳುವುದಕ್ಕೆ ಕಾರಣ ಇದೇ.

ಗಿಡಕ್ಕೆ ಇದರಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ಕೋಶದೊಳಗೆ ಕರಗಿದ ವಸ್ತುವಿನ ಸಾಂದ್ರತೆ ಹೆಚ್ಚಿಸಿ ನೀರನ್ನು ಹಿಡಿದಿಡುವುದು, ಪ್ರೋಟೀನು ಮತ್ತು ಪೊರೆಗಳು ಕೆಡದಂತೆ ಕಾಯುವುದು ಎಂಬ ಮಾತುಗಳು ಎಲ್ಲ ಪಠ್ಯಗಳಲ್ಲೂ ಇವೆ. ನನ್ನ ದೃಷ್ಟಿಯಲ್ಲಿ ಅಷ್ಟೇ ಮುಖ್ಯವಾದ ಇನ್ನೊಂದು ಕಾರಣಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಬಾಡುವ ಎಲೆಯ ಪತ್ರರಂಧ್ರಗಳು ಮುಚ್ಚಿರುತ್ತವೆ, ಇಂಗಾಲದ ಡೈಆಕ್ಸೈಡ್ ಒಳಬರುವುದು ತಗ್ಗಿರುತ್ತದೆ, ಬಿಸಿಲು ಮಾತ್ರ ಬೀಳುತ್ತಲೇ ಇರುತ್ತದೆ. ಆಗ ಬಳಕೆಯಾಗದೆ ಉಳಿಯುವ ಎನ್‌ಎಡಿಪಿಎಚ್ ಹರಿತ್ಕಣಕ್ಕೆ ಹಾನಿಕಾರಕವಾದ ಆಮ್ಲಜನಕ ರೂಪಗಳು ಹುಟ್ಟಲು ದಾರಿ ಮಾಡಿಕೊಡುತ್ತದೆ. ಒಂದು ಪ್ರೋಲೀನ್ ಅಣು ತಯಾರಾದಾಗಲೆಲ್ಲ ಇಂಥ ಎರಡು ಎನ್‌ಎಡಿಪಿಎಚ್ ಖರ್ಚಾಗುತ್ತವೆ. ಮಳೆ ಬಂದ ಮೇಲೆ ಅದೇ ಪ್ರೋಲೀನ್ ಚೇತರಿಕೆಗೆ ಬೇಕಾದ ಸಾರಜನಕವನ್ನೂ ಶಕ್ತಿಯನ್ನೂ ಕೊಡುತ್ತದೆ.

ಕುಂಡಗಳ ಸಿದ್ಧತೆ

ಹೊಲದಲ್ಲಿ ಬರವನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಕಷ್ಟ. ಮೊದಲ ಬಾರಿ ಮಾಡುವವರು ಮಳೆ ಬೀಳದಂತೆ ಪಾರದರ್ಶಕ ಹಾಳೆಯ ಮಾಡು ಹೊದಿಸಿದ ಜಾಗದಲ್ಲಿ ಕುಂಡಗಳಲ್ಲೇ ಮಾಡುವುದು ಲೇಸು. ಹೋಲಿಕೆಗಾಗಿ ಪೂರ್ತಿ ನೀರು ಕೊಡುವ ಕುಂಡಗಳೂ ಅದೇ ಮಾಡಿನ ಕೆಳಗೆ ಇರಬೇಕು, ಏಕೆಂದರೆ ಮಾಡಿನ ಕೆಳಗಿನ ಬಿಸಿ ಮತ್ತು ಬೆಳಕು ಹೊರಗಿನಂತೆ ಇರುವುದಿಲ್ಲ. ಕೆಂಪು ಮಣ್ಣು ಮತ್ತು ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು, ಒಣಗಿಸಿ, ಎಲ್ಲ ಕುಂಡಗಳಿಗೂ ಒಂದೇ ತೂಕದಲ್ಲಿ ತುಂಬಬೇಕು. ಸಾರಜನಕ ಗೊಬ್ಬರದ ಪ್ರಮಾಣದಲ್ಲಿ ಕುಂಡದಿಂದ ಕುಂಡಕ್ಕೆ ಎಳ್ಳಷ್ಟೂ ವ್ಯತ್ಯಾಸವಾಗಬಾರದು. ಪ್ರೋಲೀನ್ ಸಾರಜನಕದ ವಸ್ತು; ಸಾರಜನಕ ಸಾಲದ ಗಿಡ ಎಷ್ಟೇ ಬಾಡಿದರೂ ಅದನ್ನು ಹೆಚ್ಚು ಕೂಡಿಹಾಕಲಾರದು.

ಮಣ್ಣು ಹಿಡಿದಿಡಬಲ್ಲ ಗರಿಷ್ಠ ನೀರನ್ನು ಮೊದಲು ಕಂಡುಕೊಳ್ಳಿ. ಗಿಡವಿಲ್ಲದ ಮೂರು ಕುಂಡಗಳಿಗೆ ತಳದಿಂದ ಹರಿಯುವಷ್ಟು ನೀರು ಹಾಕಿ, ಮೇಲ್ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ತೊಟ್ಟಿಕ್ಕುವುದು ಪೂರ್ತಿ ನಿಲ್ಲುವವರೆಗೆ ಒಂದೆರಡು ದಿನ ಬಿಟ್ಟು ತೂಗಬೇಕು. ಒಣಮಣ್ಣು 10 ಕಿಲೊ ಇದ್ದು, ನೀರು ಹಿಡಿದ ಮಣ್ಣು 12 ಕಿಲೊ ತೂಗಿದರೆ ಆ ಕುಂಡದ ಧಾರಣ ಸಾಮರ್ಥ್ಯ 2 ಕಿಲೊ ನೀರು. ಅದರ ಶೇ. 50ರ ಮಟ್ಟದಲ್ಲಿ ಇಡಬೇಕೆಂದರೆ ಮಣ್ಣು ಮತ್ತು ನೀರು ಸೇರಿ 11 ಕಿಲೊ ಇರುವಂತೆ, ಕುಂಡದ ತೂಕವನ್ನು ಕೂಡಿಸಿಕೊಂಡು, ದಿನವೂ ಸಂಜೆ ಒಂದೇ ಹೊತ್ತಿಗೆ ತೂಗಿ ಕಡಿಮೆಯಾದಷ್ಟು ನೀರನ್ನು ಮಾತ್ರ ಹಾಕಬೇಕು. ಗಿಡ ಬೆಳೆದಂತೆಲ್ಲ ಅದರ ತೂಕವೂ ಸೇರಿಕೊಳ್ಳುವುದರಿಂದ ವಾರಕ್ಕೊಮ್ಮೆ ಹೆಚ್ಚುವರಿ ಗಿಡವೊಂದನ್ನು ಕಿತ್ತು ತೂಗಿ ಲೆಕ್ಕ ಸರಿಪಡಿಸಿಕೊಳ್ಳಿ.

ನೀರಿನ ಮಟ್ಟಗಳು ಮೂರು ಸಾಕು: ಶೇ. 100, ಶೇ. 60, ಶೇ. 40. ಒತ್ತಡವನ್ನು ಒಮ್ಮೆಲೇ ಹೇರದೆ ಕೆಲವು ದಿನಗಳಲ್ಲಿ ಹಂತಹಂತವಾಗಿ ಆ ಮಟ್ಟಕ್ಕೆ ಇಳಿಸಬೇಕು. ಹೊಲದಲ್ಲಿ ಬರ ಬರುವುದು ಹಾಗೆಯೇ, ಮತ್ತು ಸೌಮ್ಯ ಒತ್ತಡವನ್ನು ಮೊದಲು ಕಂಡ ಗಿಡ ತೀವ್ರ ಒತ್ತಡವನ್ನು ಎದುರಿಸುವ ರೀತಿಯೇ ಬೇರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಭಾಗವು ಉಷ್ಣತೆಯ ವಿಷಯದಲ್ಲಿ ಈ ತತ್ವವನ್ನೇ ಆಧರಿಸಿ, ಮೊಳಕೆಗಳಿಗೆ ಮೊದಲು ಸೌಮ್ಯ ಶಾಖ ಕೊಟ್ಟು ನಂತರ ಮಾರಕ ಶಾಖಕ್ಕೆ ಒಡ್ಡಿ ತಳಿಗಳನ್ನು ಆರಿಸುವ ವಿಧಾನವನ್ನು ರೂಪಿಸಿತು. ಕುಂಡದ ಗಿಡಕ್ಕೆ ನೀರನ್ನು ಥಟ್ಟನೆ ನಿಲ್ಲಿಸಿ ಮೂರು ದಿನದಲ್ಲಿ ಒಣಗಿಸಿದರೆ ತಳಿಗಳ ನಡುವಿನ ನಿಜವಾದ ವ್ಯತ್ಯಾಸ ಮರೆಯಾಗಿ, ಯಾವ ಗಿಡ ದೊಡ್ಡದಿತ್ತೋ ಅದು ಬೇಗ ನೀರು ಹೀರಿ ಬೇಗ ಬಾಡಿತು ಎಂಬುದಷ್ಟೇ ತಿಳಿಯುತ್ತದೆ.

ಪ್ರತಿ ತಳಿಗೆ, ಪ್ರತಿ ನೀರಿನ ಮಟ್ಟಕ್ಕೆ ಕನಿಷ್ಠ ನಾಲ್ಕು ಕುಂಡಗಳಿರಲಿ. ಕುಂಡವೇ ಇಲ್ಲಿ ಪುನರಾವರ್ತನೆಯ ಘಟಕ. ಒಂದೇ ಎಲೆಯ ಸಾರವನ್ನು ಮೂರು ಪ್ರನಾಳಗಳಲ್ಲಿ ಹಾಕಿ ಮೂರು ಸಲ ಓದಿ ಅದನ್ನು ಮೂರು ಪುನರಾವರ್ತನೆ ಎಂದು ಸಂಖ್ಯಾಶಾಸ್ತ್ರಕ್ಕೆ ಒಪ್ಪಿಸುವುದು ತಪ್ಪು. ಅದರಿಂದ ನಿಮ್ಮ ಪಿಪೆಟ್ಟಿನ ನಿಖರತೆ ತಿಳಿಯುತ್ತದೆಯೇ ಹೊರತು ಗಿಡಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಕುಂಡಗಳನ್ನು ಚೀಟಿ ಎತ್ತಿ ಜೋಡಿಸಿ, ವಾರಕ್ಕೊಮ್ಮೆ ಜಾಗ ಬದಲಿಸಿ. ಎಲೆ ಕೀಳದೆ ಕೊಯ್ಲಿನವರೆಗೆ ಉಳಿಸಲು ಪ್ರತಿ ಮಟ್ಟದಲ್ಲೂ ಪ್ರತ್ಯೇಕ ಕುಂಡಗಳನ್ನು ಇಟ್ಟುಕೊಳ್ಳಿ. ಎರಡು ತಳಿ ಹೋಲಿಸುವುದಾದರೆ ಒಂದು ಜಿಪಿಯು 28ರಂತೆ ವ್ಯಾಪಕವಾಗಿ ಬೆಳೆಯುವ ತಳಿಯಾಗಿದ್ದರೆ ಫಲಿತಾಂಶ ರೈತರಿಗೂ ಸಂಬಂಧಿಸಿದ್ದಾಗುತ್ತದೆ.

ಎಲೆ ಕೊಯ್ಯುವ ಹೊತ್ತು, ನೀರಿನ ಅಳತೆ

ಮುಖ್ಯ ಕಾಂಡದಲ್ಲಿ ಪೂರ್ತಿ ಬಿಚ್ಚಿಕೊಂಡ ಎಲೆಗಳಲ್ಲಿ ಅತ್ಯಂತ ಎಳೆಯದನ್ನೇ ಎಲ್ಲ ಗಿಡಗಳಲ್ಲೂ ಆರಿಸಬೇಕು. ಹಣ್ಣಾಗುತ್ತಿರುವ ಎಲೆಯಲ್ಲಿ ಪ್ರೋಟೀನ್ ಒಡೆದು ಅಮೈನೊ ಆಮ್ಲಗಳು ತಾವಾಗಿಯೇ ಹೆಚ್ಚಿರುತ್ತವೆ, ಸುಳಿಯಲ್ಲಿರುವ ಎಲೆಯ ಲೆಕ್ಕ ಇನ್ನೊಂದು ಬಗೆ. ಬೆಂಕಿ ರೋಗದ ಕಲೆಯಿರುವ, ಹುಳು ತಿಂದ ಎಲೆಯನ್ನು ಬಿಟ್ಟುಬಿಡಿ, ಏಕೆಂದರೆ ರೋಗವೂ ಪ್ರೋಲೀನನ್ನು ಏರಿಸಬಲ್ಲುದು. ನೀರಿನಲ್ಲಿ ಲವಣವಿದ್ದರೂ ಹಾಗೆಯೇ. ಕೊಳವೆ ಬಾವಿಯ ಸಪ್ಪೆ-ಉಪ್ಪು ನೀರನ್ನು ಕುಂಡಕ್ಕೆ ಹಾಕುತ್ತಿದ್ದರೆ ನೀವು ಬರದ ಜೊತೆಗೆ ಲವಣದ ಒತ್ತಡವನ್ನೂ ಅಳೆಯುತ್ತಿದ್ದೀರಿ.

ಕೊಯ್ಯುವ ಹೊತ್ತು ದಿನವೂ ಒಂದೇ ಇರಬೇಕು. ಬೆಳಕಿನಲ್ಲಿ ಪ್ರೋಲೀನ್ ಕೂಡುತ್ತದೆ, ಕತ್ತಲಲ್ಲಿ ಕರಗುವುದು ಹೆಚ್ಚು. ಬೆಳಿಗ್ಗೆ ಎಂಟಕ್ಕೆ ಒಂದು ತಳಿ, ಮಧ್ಯಾಹ್ನ ಒಂದಕ್ಕೆ ಇನ್ನೊಂದು ತಳಿ ಕೊಯ್ದರೆ ವ್ಯತ್ಯಾಸ ತಳಿಯದೋ ಗಡಿಯಾರದ್ದೋ ಎಂದು ಹೇಳಲಾಗದು. ಕೊಯ್ದ ಎಲೆಯನ್ನು ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಗೋ, ಸಿಗುವುದಾದರೆ ದ್ರವ ಸಾರಜನಕಕ್ಕೋ ಹಾಕಬೇಕು. ಕೊಯ್ದ ಎಲೆಯೂ ಜೀವಂತವೇ. ಕವರಿನಲ್ಲಿ ಬಿಸಿಲಿಗೆ ಬಿಟ್ಟರೆ ಅದು ಬಾಡುತ್ತ ಬಾಡುತ್ತ ಪ್ರೋಲೀನ್ ತಯಾರಿಸುತ್ತಲೇ ಇರುತ್ತದೆ. ಬಾಡುವ ಸಸ್ಯದಲ್ಲಿ ಪ್ರೋಲೀನ್ ಹೆಚ್ಚುತ್ತದೆ ಎಂಬುದನ್ನು 1954ರಲ್ಲಿ ಕೆಂಬಲ್ ಮತ್ತು ಮ್ಯಾಕ್‌ಫರ್ಸನ್ ಮೊದಲು ವರದಿ ಮಾಡಿದ್ದೇ ಬಾಡುತ್ತಿದ್ದ ರೈ ಹುಲ್ಲಿನಲ್ಲಿ. ಪ್ರೋಟೀನ್ ಒಡೆದು ಬರಬಹುದಾದದ್ದಕ್ಕಿಂತ ಹೆಚ್ಚು ಪ್ರೋಲೀನ್ ಅದರಲ್ಲಿತ್ತು, ಅಂದರೆ ಹುಲ್ಲು ಅದನ್ನು ಹೊಸದಾಗಿ ತಯಾರಿಸಿತ್ತು.

ಅದೇ ಎಲೆಯ ಇನ್ನೊಂದು ತುಂಡಿನಲ್ಲಿ ನೀರಿನ ಸಾಪೇಕ್ಷ ಪ್ರಮಾಣವನ್ನು, ಅಂದರೆ ಎಲೆ ಹಿಡಿಯಬಲ್ಲ ಪೂರ್ತಿ ನೀರಿನಲ್ಲಿ ಈಗ ಇರುವುದು ಶೇಕಡಾ ಎಷ್ಟು ಎಂಬುದನ್ನು ಅಳೆಯಬೇಕು. ಎಲೆಯ ನಡುಭಾಗದಿಂದ ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ ತಕ್ಷಣ ತೂಗಿ. ಇದು ಹಸಿ ತೂಕ. ಭಟ್ಟಿ ಇಳಿಸಿದ ನೀರು ತುಂಬಿದ ಪೆಟ್ರಿ ತಟ್ಟೆಯಲ್ಲಿ ಮಂದ ಬೆಳಕಿನಲ್ಲಿ ನಾಲ್ಕು ಗಂಟೆ ತೇಲಿಬಿಟ್ಟು, ಹೊರಗಿನ ನೀರನ್ನು ಸೋಸುಕಾಗದದಿಂದ ಒತ್ತದೆ ತಾಕಿಸಿ ತೆಗೆದು ಮತ್ತೆ ತೂಗಿ, ಇದು ತುಂಬುತೂಕ. ಬಳಿಕ 80 ಡಿಗ್ರಿ ಸೆಲ್ಸಿಯಸ್ ಒವನ್‌ನಲ್ಲಿ ತೂಕ ಬದಲಾಗದ ತನಕ ಒಣಗಿಸಿ ತೂಗಿದರೆ ಒಣ ತೂಕ ಸಿಗುತ್ತದೆ. ಹಸಿ ತೂಕದಿಂದ ಒಣ ತೂಕ ಕಳೆದು, ಅದನ್ನು ತುಂಬುತೂಕದಿಂದ ಒಣ ತೂಕ ಕಳೆದ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. ಹಸಿ ತೂಕ 0.420 ಗ್ರಾಂ, ತುಂಬುತೂಕ 0.600 ಗ್ರಾಂ, ಒಣ ತೂಕ 0.120 ಗ್ರಾಂ ಇದ್ದರೆ 0.300 ÷ 0.480, ಅಂದರೆ ಶೇ. 62.5. ಈ ಮೂರು ತೂಕಗಳಿಗೆ ಬೇಕಾದುದು ನಿಖರವಾದ ತಕ್ಕಡಿ ಮತ್ತು ತಾಳ್ಮೆ ಮಾತ್ರ. ಇದನ್ನು ಬಿಟ್ಟು ಪ್ರೋಲೀನ್ ಒಂದನ್ನೇ ಅಳೆಯಲು ಯಾವ ನೆಪವೂ ಇಲ್ಲ.

ಪ್ರಯೋಗಾಲಯದಲ್ಲಿ

ಬೇಟ್ಸ್, ವಾಲ್ಡ್ರೆನ್ ಮತ್ತು ಟಿಯರ್ 1973ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಆಮ್ಲೀಯ ದ್ರಾವಣದಲ್ಲಿ ನಿನ್‌ಹೈಡ್ರಿನ್ ಪ್ರೋಲೀನಿನೊಂದಿಗೆ ಸೇರಿ ಕೆಂಪು ಬಣ್ಣ ಕೊಡುತ್ತದೆ, ಆ ಬಣ್ಣವನ್ನು ಟಾಲ್ಯೂಯಿನ್ ಎಂಬ ದ್ರಾವಕಕ್ಕೆ ಇಳಿಸಿಕೊಂಡು, ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್ ಯಂತ್ರದಲ್ಲಿ ಓದಬೇಕು.

ಮೊದಲು ದ್ರಾವಣಗಳು. 3 ಗ್ರಾಂ ಸಲ್ಫೊಸ್ಯಾಲಿಸಿಲಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ 100 ಮಿಲಿ ಮಾಡಿದರೆ ಎಲೆ ಅರೆಯುವ ಶೇ. 3ರ ದ್ರಾವಣ ಸಿದ್ಧ. ಇದು ಪ್ರೋಟೀನುಗಳನ್ನು ಗರಣೆಗಟ್ಟಿಸಿ ಕೆಳಗೆ ಉಳಿಸುತ್ತದೆ. ನಿನ್‌ಹೈಡ್ರಿನ್ ದ್ರಾವಣಕ್ಕೆ 6 ಮೋಲಾರ್ ಫಾಸ್ಫಾರಿಕ್ ಆಮ್ಲ ಬೇಕು. ಅಂಗಡಿಯಲ್ಲಿ ಸಿಗುವ ಶೇ. 85ರ ಆಮ್ಲ ಸುಮಾರು 14.7 ಮೋಲಾರ್ ಇರುವುದರಿಂದ ಅದರ 41 ಮಿಲಿಯನ್ನು ನೀರಿಗೆ ನಿಧಾನವಾಗಿ ಸೇರಿಸಿ 100 ಮಿಲಿಗೆ ತರಬೇಕು. ಆಮ್ಲವನ್ನು ನೀರಿಗೆ ಹಾಕಬೇಕು, ಎಂದಿಗೂ ನೀರನ್ನು ಆಮ್ಲಕ್ಕೆ ಹಾಕಬಾರದು. 1.25 ಗ್ರಾಂ ನಿನ್‌ಹೈಡ್ರಿನ್‌ಗೆ 30 ಮಿಲಿ ಗ್ಲೇಷಿಯಲ್ ಅಸಿಟಿಕ್ ಆಮ್ಲ ಮತ್ತು 20 ಮಿಲಿ 6 ಮೋಲಾರ್ ಫಾಸ್ಫಾರಿಕ್ ಆಮ್ಲ ಸೇರಿಸಿ, ಉಗುರುಬೆಚ್ಚಗೆ ಮಾಡುತ್ತ ಕಲಕಿದರೆ ಕರಗುತ್ತದೆ. ತಣ್ಣಗಾದ ಮೇಲೆ 4 ಡಿಗ್ರಿಯಲ್ಲಿಟ್ಟರೆ 24 ಗಂಟೆ ಕೆಡುವುದಿಲ್ಲ. ಇಷ್ಟು ದ್ರಾವಣ 25 ಪ್ರನಾಳಗಳಿಗೆ ಮಾತ್ರ ಸಾಲುತ್ತದೆ. ಪ್ರಮಾಣ ರೇಖೆಗೇ (ಗೊತ್ತಿರುವ ಪ್ರಮಾಣದ ಪ್ರೋಲೀನ್ ಎಷ್ಟು ಬಣ್ಣ ಕೊಡುತ್ತದೆಂದು ತೋರಿಸುವ ರೇಖೆಗೆ) ಹನ್ನೆರಡು ಪ್ರನಾಳ ಹೋಗುವುದರಿಂದ ಮಾದರಿಗಳು ಹೆಚ್ಚಿದ್ದರೆ ಎರಡರಷ್ಟು ಮಾಡಿಕೊಳ್ಳಿ. ಕೈಗವಸು ಹಾಕದೆ ನಿನ್‌ಹೈಡ್ರಿನ್ ಮುಟ್ಟಿದರೆ ಬೆರಳುಗಳಿಗೆ ನೇರಳೆ ಬಣ್ಣ ಅಂಟುತ್ತದೆ. ಚರ್ಮದ ಅಮೈನೊ ಆಮ್ಲಗಳೊಡನೆ ಅದು ಕ್ರಿಯೆ ನಡೆಸುತ್ತದೆ ಎಂಬುದೇ ಇದಕ್ಕೆ ಕಾರಣ. ಬರಿಗೈಯಲ್ಲಿ ಪ್ರನಾಳದ ಒಳಬಾಯಿ ಮುಟ್ಟಬಾರದೆಂಬುದಕ್ಕೂ ಅದೇ ಕಾರಣ.

ಎಲೆ 0.5 ಗ್ರಾಂ ತೂಗಿ ತಣ್ಣಗಿನ ಪಿಂಗಾಣಿ ಒರಳಿನಲ್ಲಿ 10 ಮಿಲಿ ಸಲ್ಫೊಸ್ಯಾಲಿಸಿಲಿಕ್ ದ್ರಾವಣದೊಂದಿಗೆ ನುಣ್ಣಗೆ ಅರೆಯಿರಿ. ರಾಗಿ ಎಲೆಯಲ್ಲಿ ನಾರು ಗಟ್ಟಿ. ಮೊದಲು ಕತ್ತರಿಯಿಂದ ಸಣ್ಣಗೆ ಹೆಚ್ಚಿ, ದ್ರಾವಣದ ಕಾಲುಭಾಗ ಮಾತ್ರ ಹಾಕಿ ಅರೆದು, ಉಳಿದುದರಿಂದ ಒರಳನ್ನು ತೊಳೆದು ಸೇರಿಸಿದರೆ ಸಾರ ಪೂರ್ತಿ ಇಳಿಯುತ್ತದೆ. ವಾಟ್‌ಮನ್ 2ನೇ ನಂಬರಿನ ಕಾಗದದಲ್ಲಿ ಸೋಸಿ ತಿಳಿಯನ್ನು ಉಳಿಸಿಕೊಳ್ಳಿ.

ಪ್ರನಾಳದಲ್ಲಿ 2 ಮಿಲಿ ತಿಳಿ, 2 ಮಿಲಿ ನಿನ್‌ಹೈಡ್ರಿನ್ ದ್ರಾವಣ, 2 ಮಿಲಿ ಗ್ಲೇಷಿಯಲ್ ಅಸಿಟಿಕ್ ಆಮ್ಲ ಹಾಕಿ ಕುದಿಯುವ ನೀರಿನ ತೊಟ್ಟಿಯಲ್ಲಿ ಸರಿಯಾಗಿ ಒಂದು ಗಂಟೆ ಇಡಬೇಕು. ಪ್ರನಾಳದ ಬಾಯಿಗೆ ಗೋಲಿಯೊಂದನ್ನು ಇಟ್ಟರೆ ದ್ರವ ಆವಿಯಾಗಿ ಹೋಗುವುದಿಲ್ಲ. ವಿಧಾನದಲ್ಲಿ ಹೇಳಿರುವುದು 100 ಡಿಗ್ರಿ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಪ್ರಮಾಣ ದ್ರಾವಣದ ಪ್ರನಾಳಗಳೂ ಅದೇ ತೊಟ್ಟಿಯಲ್ಲಿ ಅದೇ ಒಂದು ಗಂಟೆ ಇದ್ದರೆ ಇದರಿಂದ ತೊಂದರೆಯಿಲ್ಲ. ಕಳೆದ ತಿಂಗಳ ಪ್ರಮಾಣ ರೇಖೆಯನ್ನು ಇಂದಿನ ಮಾದರಿಗಳಿಗೆ ಬಳಸುವುದರಿಂದ ಮಾತ್ರ ಖಂಡಿತ ತೊಂದರೆಯಿದೆ. ಗಂಟೆ ಮುಗಿದೊಡನೆ ಎಲ್ಲ ಪ್ರನಾಳಗಳನ್ನೂ ಒಟ್ಟಿಗೆ ಮಂಜುಗಡ್ಡೆಯಲ್ಲಿ ಇಟ್ಟು ಕ್ರಿಯೆಯನ್ನು ನಿಲ್ಲಿಸಿ.

ತಣ್ಣಗಾದ ಮೇಲೆ, ಹೊಗೆ ಹೊರಹೋಗುವ ಕಪಾಟಿನೊಳಗೆ, ಪ್ರತಿ ಪ್ರನಾಳಕ್ಕೆ 4 ಮಿಲಿ ಟಾಲ್ಯೂಯಿನ್ ಹಾಕಿ 15ರಿಂದ 20 ಸೆಕೆಂಡು ಜೋರಾಗಿ ಕಲಕಿ. ಹತ್ತಿರದಲ್ಲಿ ಬೆಂಕಿಯಾಗಲಿ ಬರ್ನರ್ ಆಗಲಿ ಇರಬಾರದು. ನಿಲ್ಲಲು ಬಿಟ್ಟರೆ ಎರಡು ಪದರಗಳಾಗುತ್ತವೆ, ಕೆಂಪು ಬಣ್ಣ ಮೇಲಿನ ಟಾಲ್ಯೂಯಿನ್ ಪದರಕ್ಕೆ ಏರುತ್ತದೆ. ನೀರುಂಡ ಗಿಡದ ಪ್ರನಾಳ ನಸುಗುಲಾಬಿ, ಬಾಡಿದ ಗಿಡದ್ದು ದಾಸವಾಳದ ಕೆಂಪು. ಯಂತ್ರಕ್ಕೆ ಇಡುವ ಮೊದಲೇ ಕಣ್ಣಿಗೆ ತಿಳಿಯುತ್ತದೆ. ಮೇಲಿನ ಪದರವನ್ನಷ್ಟೇ ಪಿಪೆಟ್ಟಿನಿಂದ ತೆಗೆದು, ಕೋಣೆಯ ಉಷ್ಣತೆಗೆ ಬಂದ ಮೇಲೆ 520 ನ್ಯಾನೊಮೀಟರ್‌ನಲ್ಲಿ ಓದಬೇಕು. ಯಂತ್ರವನ್ನು ಸೊನ್ನೆಗೆ ತರಲು ಶುದ್ಧ ಟಾಲ್ಯೂಯಿನ್ ಬಳಸಿ. ಮಾದರಿಯನ್ನು ತುಂಬಿ ಯಂತ್ರಕ್ಕೆ ಇಡುವ ಪುಟ್ಟ ಪಾತ್ರೆಯಾದ ಕ್ಯುವೆಟ್ ಗಾಜಿನದೋ ಕ್ವಾರ್ಟ್ಜ್‌ನದೋ ಆಗಿರಬೇಕು. ಸಾಮಾನ್ಯ ಪ್ಲಾಸ್ಟಿಕ್ ಕ್ಯುವೆಟ್ ಪಾಲಿಸ್ಟೈರೀನಿನದು, ಟಾಲ್ಯೂಯಿನ್ ಅದನ್ನು ಕರಗಿಸಿ ಮಬ್ಬಾಗಿಸುತ್ತದೆ, ಆ ಮಬ್ಬನ್ನು ಯಂತ್ರ ಪ್ರೋಲೀನ್ ಎಂದೇ ಲೆಕ್ಕ ಹಾಕುತ್ತದೆ. ಕೆಳಪದರದ ಒಂದು ಹನಿ ನೀರು ಬಂದರೂ ಹೀಗೆಯೇ ಮಬ್ಬು ಬರುತ್ತದೆ. ಅಂಥ ಮಾದರಿಯನ್ನು ಮತ್ತೆ ಸ್ವಲ್ಪ ಹೊತ್ತು ನಿಲ್ಲಿಸಿ ಓದಿ. ಬಳಸಿದ ಟಾಲ್ಯೂಯಿನ್ ಅನ್ನು ಸಿಂಕಿಗೆ ಸುರಿಯದೆ ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ತ್ಯಾಜ್ಯವೆಂದು ಬರೆದು ಕೂಡಿಡಬೇಕು.

ಪ್ರಮಾಣ ರೇಖೆಗಾಗಿ ಶುದ್ಧ ಪ್ರೋಲೀನನ್ನು ಸಲ್ಫೊಸ್ಯಾಲಿಸಿಲಿಕ್ ದ್ರಾವಣದಲ್ಲೇ ಕರಗಿಸಿ, 2 ಮಿಲಿಯಲ್ಲಿ 0, 5, 10, 20, 30 ಮತ್ತು 40 ಮೈಕ್ರೊಗ್ರಾಂ ಇರುವಂತೆ ಎರಡೆರಡು ಪ್ರನಾಳ ಮಾಡಿ. ಬಾಡಿದ ಎಲೆಯ ಅಂಕಿ ಕೊನೆಯ ಬಿಂದುವನ್ನು ದಾಟಿದರೆ ರೇಖೆಯನ್ನು ಮುಂದಕ್ಕೆ ಎಳೆಯಬೇಡಿ. ತಿಳಿಯನ್ನು ಅದೇ ದ್ರಾವಣದಿಂದ ತೆಳುಮಾಡಿ ಮತ್ತೆ ಕುದಿಸಿ.

ಲೆಕ್ಕ, ಮತ್ತು ಲೆಕ್ಕದಲ್ಲಿ ಅಡಗಿರುವ ಒಂದು ಮೋಸ

ಪ್ರನಾಳದಲ್ಲಿ 23 ಮೈಕ್ರೊಗ್ರಾಂ ಪ್ರೋಲೀನ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಪ್ರೋಲೀನಿನ ಅಣುತೂಕ 115.13, ಭಾಗಿಸಿದರೆ 0.2 ಮೈಕ್ರೊಮೋಲ್. 10 ಮಿಲಿ ಸಾರದಲ್ಲಿ 2 ಮಿಲಿ ಮಾತ್ರ ಬಳಸಿದ್ದರಿಂದ 5ರಿಂದ ಗುಣಿಸಿದರೆ 1 ಮೈಕ್ರೊಮೋಲ್, ಅರ್ಧ ಗ್ರಾಂ ಎಲೆಯಲ್ಲಿ. ಅಂದರೆ ಹಸಿ ತೂಕದ ಪ್ರತಿ ಗ್ರಾಮಿಗೆ 2 ಮೈಕ್ರೊಮೋಲ್. ಮೂಲ ವಿಧಾನದ ಸೂತ್ರದಲ್ಲಿ 115.5 ಎಂದಿದೆ, ಅದರಿಂದ ಆಗುವ ವ್ಯತ್ಯಾಸ ಶೇ. 0.3ರಷ್ಟು ಮಾತ್ರ. ಆದರೆ ಪ್ರತಿ ಮಿಲಿ ಟಾಲ್ಯೂಯಿನ್ ಲೆಕ್ಕದ ಸೂತ್ರವನ್ನೂ ಪ್ರತಿ ಪ್ರನಾಳ ಲೆಕ್ಕದ ರೇಖೆಯನ್ನೂ ಬೆರೆಸಿದರೆ ಉತ್ತರ ನಾಲ್ಕು ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಪ್ರಮಾಣ ರೇಖೆಯ ಅಡ್ಡ ಅಕ್ಷದಲ್ಲಿ ಏನಿದೆಯೆಂದು ದಿನಚರಿಯಲ್ಲಿ ಸ್ಪಷ್ಟವಾಗಿ ಬರೆದಿಡಿ.

ಹಸಿ ತೂಕದ ಲೆಕ್ಕದಲ್ಲೇ ಇರುವ ಮೋಸ ಇದಕ್ಕಿಂತ ದೊಡ್ಡದು. ನೀರುಂಡ ಎಲೆಯಲ್ಲಿ 1 ಗ್ರಾಂ ಒಣವಸ್ತು ಮತ್ತು 4 ಗ್ರಾಂ ನೀರು ಇದೆ ಎನ್ನಿ, ಒಟ್ಟು 5 ಗ್ರಾಂ. ಅದೇ ಎಲೆ ತೀವ್ರವಾಗಿ ಬಾಡಿ ನೀರು 1.5 ಗ್ರಾಮಿಗೆ ಇಳಿದರೆ ಒಟ್ಟು 2.5 ಗ್ರಾಂ ಆಗುತ್ತದೆ. ಒಂದೇ ಒಂದು ಪ್ರೋಲೀನ್ ಅಣು ಹೊಸದಾಗಿ ತಯಾರಾಗದಿದ್ದರೂ ಹಸಿ ತೂಕದ ಪ್ರತಿ ಗ್ರಾಮಿನ ಅಂಕಿ ಎರಡು ಪಟ್ಟಾಗುತ್ತದೆ. ಸಾರು ಬತ್ತಿದಾಗ ಉಪ್ಪು ಹಾಕದೆಯೇ ಉಪ್ಪಾಗುವಂತೆ ಇದು. ಆದುದರಿಂದ ಪ್ರತಿ ಮಾದರಿಯ ಒಣವಸ್ತುವಿನ ಭಾಗವನ್ನು, ನೀರಿನ ಸಾಪೇಕ್ಷ ಪ್ರಮಾಣಕ್ಕಾಗಿ ಈಗಾಗಲೇ ತೂಗಿದ ತುಂಡುಗಳಿಂದಲೇ ತೆಗೆದುಕೊಂಡು, ಒಣ ತೂಕದ ಪ್ರತಿ ಗ್ರಾಮಿಗೆ ಎಷ್ಟು ಮೈಕ್ರೊಮೋಲ್ ಎಂದು ಪರಿವರ್ತಿಸಬೇಕು. ಎಲೆಯ ಒಣವಸ್ತು ಶೇ. 25 ಇದ್ದರೆ ಮೇಲಿನ 2 ಮೈಕ್ರೊಮೋಲ್ ಒಣ ತೂಕದ ಲೆಕ್ಕದಲ್ಲಿ 8 ಆಗುತ್ತದೆ. ಎರಡು ಮೂರು ಪಟ್ಟು ಏರಿಕೆಯನ್ನು ಹಸಿ ತೂಕದಲ್ಲಿ ಮಾತ್ರ ತೋರಿಸಿರುವ ಪಟ್ಟಿಯನ್ನು ಕಂಡಾಗ ನಾನು ಮೊದಲು ಕೇಳುವುದು ಎಲೆಯಲ್ಲಿ ನೀರೆಷ್ಟಿತ್ತು ಎಂಬ ಪ್ರಶ್ನೆಯನ್ನೇ.

ಅಂಕಿಯನ್ನು ಓದುವುದು

ಎಲ್ಲ ಮಾದರಿಗಳ ನೀರಿನ ಸಾಪೇಕ್ಷ ಪ್ರಮಾಣವನ್ನು ಅಡ್ಡ ಅಕ್ಷದಲ್ಲೂ ಒಣ ತೂಕದ ಪ್ರೋಲೀನನ್ನು ಲಂಬ ಅಕ್ಷದಲ್ಲೂ ಇಟ್ಟು ಬಿಂದುಗಳನ್ನು ಗುರುತಿಸಿ. ತಳಿಗಳನ್ನು ಹೋಲಿಸಬೇಕಾದುದು ಈ ಚಿತ್ರದಲ್ಲಿಯೇ. ಒಂದು ತಳಿ ಶೇ. 85ರಲ್ಲೇ ನಿಂತಿದ್ದು ಅದರ ಪ್ರೋಲೀನ್ ಕಡಿಮೆಯಿರಬಹುದು. ಆಳಕ್ಕೆ ಬೇರು ಬಿಟ್ಟೋ ಪತ್ರರಂಧ್ರಗಳನ್ನು ಬೇಗ ಮುಚ್ಚಿಯೋ ಅದು ಬಾಡುವುದನ್ನೇ ತಪ್ಪಿಸಿಕೊಂಡಿದೆ. ಇನ್ನೊಂದು ತಳಿ ಶೇ. 60ಕ್ಕೆ ಕುಸಿದು ಅದರ ಪ್ರೋಲೀನ್ ಹತ್ತು ಪಟ್ಟು ಏರಿರಬಹುದು. ಅದು ಹೆಚ್ಚು ನೊಂದಿದೆ ಎಂಬುದಷ್ಟೇ ಆ ಏರಿಕೆಯ ಅರ್ಥ. ಪ್ರೋಲೀನ್ ಹೆಚ್ಚಳವೇ ಬರ ಸಹಿಷ್ಣುತೆಯ ಅಳತೆಗೋಲಾಗಬಹುದು ಎಂದು ಸಿಂಗ್, ಆಸ್ಪಿನಾಲ್ ಮತ್ತು ಪಲೆಗ್ 1972ರಲ್ಲಿ ಬಾರ್ಲಿಯ ತಳಿಗಳನ್ನು ನೋಡಿ ಸೂಚಿಸಿದ್ದರು. 1977ರಲ್ಲಿ ಹ್ಯಾನ್ಸನ್ ಮತ್ತು ಸಂಗಡಿಗರು ಬರ ತಾಳುವ ಹಾಗೂ ತಾಳದ ಎರಡು ಬಾರ್ಲಿ ತಳಿಗಳಲ್ಲಿ ಅದನ್ನೇ ಪರೀಕ್ಷಿಸಿ, ಆ ಅಳತೆಗೋಲನ್ನು ನೆಚ್ಚಲಾಗದೆಂದು ತೋರಿಸಿದರು. ಆ ಚರ್ಚೆ ನಡೆದು ಇಷ್ಟು ವರ್ಷಗಳಾದರೂ ಮೊದಲ ಲೇಖನದ ಮಾತೇ ಹೆಚ್ಚಾಗಿ ಉಲ್ಲೇಖವಾಗುತ್ತಿರುವುದು ಬೇಸರದ ಸಂಗತಿ. ನೀರಿನ ಪ್ರಮಾಣ ಎರಡೂ ತಳಿಗಳಲ್ಲಿ ಒಂದೇ ಆಗಿದ್ದು, ಪ್ರೋಲೀನ್ ಒಂದರಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದರೆ ಆಗ ಮಾತ್ರ ಅದು ತಳಿಯ ಗುಣವಿರಬಹುದೆಂದು ಮುಂದಿನ ಹೆಜ್ಜೆ ಇಡಬಹುದು.

ಪ್ರೋಲೀನ್ ಒಂದೇ ಬದಲಾಗುವುದಿಲ್ಲ ಎಂಬುದೂ ಗಮನದಲ್ಲಿರಲಿ. ಅದೇ ಗ್ಲುಟಮೇಟ್‌ನಿಂದ ಗಾಬಾ ಎಂಬ ಅಮೈನೊ ಆಮ್ಲ ತಯಾರಾಗುತ್ತದೆ. ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ, ಕೋಶರಸ ಆಮ್ಲೀಯವಾದಾಗ ಅದು ನಿಮಿಷಗಳಲ್ಲಿ ಹೆಚ್ಚುತ್ತದೆ, ಎಲೆಯನ್ನು ಒರಟಾಗಿ ಹಿಡಿದು ಕಿತ್ತರೂ ಹೆಚ್ಚಬಹುದು. ವ್ಯಾಲೀನ್, ಲ್ಯೂಸೀನ್, ಐಸೊಲ್ಯೂಸೀನ್ ಎಂಬ ಕವಲು ಸರಪಳಿಯ ಅಮೈನೊ ಆಮ್ಲಗಳೂ ಬರದಲ್ಲಿ ಏರುತ್ತವೆ. ಅವುಗಳ ಏರಿಕೆಗೆ ಪ್ರೋಟೀನ್ ಒಡೆಯುವಿಕೆ ದೊಡ್ಡ ಕಾರಣ. ಗದ್ದೆಯಲ್ಲಿ ನೀರು ನಿಂತು ಬೇರಿಗೆ ಆಮ್ಲಜನಕ ಸಿಗದಾಗ ಎದ್ದು ಕಾಣುವುದು ಅಲನೀನ್. ಇವನ್ನೆಲ್ಲ ನಿನ್‌ಹೈಡ್ರಿನ್ ಬಣ್ಣದಿಂದ ಬೇರ್ಪಡಿಸಲಾಗದು. ಅದಕ್ಕೆ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರ ಅಥವಾ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಆ ಸೌಲಭ್ಯ ಇರುವವರು ಕೂಡ ಎಲ್ಲ ಮಾದರಿಗಳನ್ನೂ ಕಳುಹಿಸದೆ, ಮೇಲಿನ ಚಿತ್ರದಲ್ಲಿ ಒಂದೇ ನೀರಿನ ಪ್ರಮಾಣದಲ್ಲಿದ್ದು ಬೇರೆ ಬೇರೆ ಪ್ರೋಲೀನ್ ತೋರಿದ ಮಾದರಿಗಳನ್ನಷ್ಟೇ ಆರಿಸಿ ಕಳುಹಿಸಿದರೆ ಹಣ ಸಾರ್ಥಕವಾಗುತ್ತದೆ.

ಪ್ರೋಲೀನ್ ಏರುವುದು ಒಳ್ಳೆಯದೆಂದು ತಿಳಿದು ಅಮೈನೊ ಆಮ್ಲದ ದ್ರಾವಣಗಳನ್ನು ಬರದಲ್ಲಿ ಸಿಂಪಡಿಸಬಹುದೇ ಎಂದು ರೈತರು ಕೇಳುತ್ತಾರೆ. ಹೊರಗಿನಿಂದ ಹೆಚ್ಚು ಪ್ರೋಲೀನ್ ಕೊಟ್ಟರೆ ಗಿಡಕ್ಕೆ ವಿಷವಾಗುವುದೂ ಉಂಟು, ಅದು ಕರಗುವಾಗ ಬರುವ ಮಧ್ಯಂತರ ವಸ್ತು ಕೋಶಕ್ಕೆ ಹಾನಿ ಮಾಡಬಲ್ಲುದು. ಇಳುವರಿಯ ಅಂಕಿ ತೋರಿಸದೆ ಎಲೆಯ ಪ್ರೋಲೀನ್ ಏರಿಕೆಯನ್ನಷ್ಟೇ ತೋರಿಸುವ ಪ್ರಚಾರವನ್ನು ನಂಬಿ ಹಣ ಹಾಕಬೇಡಿ ಎಂಬುದೇ ನನ್ನ ಸ್ಪಷ್ಟ ಸಲಹೆ. ಆ ಹಣದಲ್ಲಿ ಸಾಲುಗಳ ನಡುವೆ ಎಡೆಕುಂಟೆ ಹೊಡೆಸಿ ಕಳೆ ತೆಗೆದರೆ ಮಣ್ಣಿನ ತೇವ ಉಳಿಯುತ್ತದೆ.

ಚೇತರಿಕೆ ಮತ್ತು ಕೊಯ್ಲು

ಒತ್ತಡದ ಅವಧಿ ಮುಗಿದ ದಿನ ಸಂಜೆ ಕುಂಡಗಳಿಗೆ ಶೇ. 100ರ ಮಟ್ಟಕ್ಕೆ ನೀರು ಕೊಟ್ಟು, ಮರುದಿನದಿಂದ ನಿಮ್ಮ ನಿಗದಿತ ಹೊತ್ತಿನಲ್ಲಿ, ಅಂದರೆ ಮೊದಲ, ಎರಡನೆಯ ಮತ್ತು ನಾಲ್ಕನೆಯ ದಿನ, ಪ್ರೋಲೀನ್ ಮತ್ತು ನೀರಿನ ಪ್ರಮಾಣ ಎರಡನ್ನೂ ಅಳೆಯಿರಿ. ನೀರಿನ ಪ್ರಮಾಣ ಬೇಗ ಮೇಲೇರಿ ಪ್ರೋಲೀನ್ ಬೇಗ ಇಳಿದರೆ ಎಲೆಯ ಕೋಶಗಳು ಬದುಕಿವೆ, ಕೂಡಿಟ್ಟದ್ದನ್ನು ಬಳಸಿಕೊಳ್ಳುತ್ತಿವೆ. ನೀರಿನ ಪ್ರಮಾಣವೇ ಏರದೆ ಪ್ರೋಲೀನ್ ಹಾಗೆಯೇ ನಿಂತರೆ ಆ ಎಲೆ ಸಾಯುತ್ತಿದೆ. ಎರಡು ತಳಿಗಳು ಬಾಡುವಾಗ ಒಂದೇ ರೀತಿ ಕಂಡು ಚೇತರಿಕೆಯಲ್ಲಿ ಬೇರೆಯಾಗುವುದು ಅಪರೂಪವಲ್ಲ, ಮಳೆ ಬಿಟ್ಟು ಬಿಟ್ಟು ಬರುವ ನಮ್ಮ ಒಣಭೂಮಿಯಲ್ಲಿ ಈ ಗುಣಕ್ಕೇ ಬೆಲೆ ಹೆಚ್ಚು. ಪ್ರತಿ ಅಳತೆಗೂ ಬೇರೆ ಕುಂಡಗಳು ಇರುವಂತೆ ಮೊದಲೇ ಯೋಜಿಸಿ. ಅಷ್ಟು ಕುಂಡಗಳಿಲ್ಲದಿದ್ದರೆ ಬೇರೆ ತೆಂಡೆಯ ಅದೇ ವಯಸ್ಸಿನ ಎಲೆಯನ್ನು ತೆಗೆಯಿರಿ, ಮತ್ತು ಹಾಗೆ ತೆಗೆದಿರುವುದನ್ನು ಪ್ರಬಂಧದಲ್ಲಿ ಬರೆಯಿರಿ.

ಎಲೆ ಮುಟ್ಟದೆ ಉಳಿಸಿದ ಕುಂಡಗಳನ್ನು ಪಕ್ವವಾಗುವವರೆಗೆ ಬೆಳೆಸಿ, ಪ್ರತಿ ಗಿಡದ ತೆನೆಗಳ ಸಂಖ್ಯೆ, ಕಾಳಿನ ತೂಕ, ಸಾವಿರ ಕಾಳಿನ ತೂಕ, ಹುಲ್ಲಿನ ಒಣ ತೂಕ ಇಷ್ಟನ್ನೂ ದಾಖಲಿಸಿ. ಪ್ರಬಂಧದ ಪಟ್ಟಿಯಲ್ಲಿ ಪ್ರೋಲೀನ್ ಅಂಕಿಯ ಪಕ್ಕದ ಕಾಲಂನಲ್ಲಿ ನೀರಿನ ಸಾಪೇಕ್ಷ ಪ್ರಮಾಣವೂ, ಅದರ ಪಕ್ಕದಲ್ಲಿ ಅದೇ ತಳಿಗೆ ಅದೇ ನೀರಿನ ಮಟ್ಟದಲ್ಲಿ ಸಿಕ್ಕ ಕಾಳಿನ ತೂಕವೂ ಇರಬೇಕು.